ಒರಸಿದರೂ ಹೋಗದ ಮಂಜು

2023ರ ಅಕ್ಟೋಬರ್. ಆಗ ನಾನು ಥಾಣೆಯ ಘೋಡಬಂದರ್ ರಸ್ತೆಯ ಒಂದು ಕಿಟಕಿ ಕಂಪನಿಯಲ್ಲಿ ಸರ್ವಿಸ್ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂದರೆ ಭಾರೀ ಹುದ್ದೆ ಎಂದು ತುಮಕೂರಿನ ನಮ್ಮ ನೆಂಟರು ಇವತ್ತಿಗೂ ನಂಬಿದ್ದಾರೆ. ನಂಬಲಿ, ನನಗೇನು ನಷ್ಟ? ಅಸಲಿಗೆ ಅದು ಬೈಸಿಕೊಳ್ಳುವ ಹುದ್ದೆ. ಕಿಟಕಿ ಮಾರುವವರು ಬೇರೆ, ಕೂರಿಸುವವರು ಬೇರೆ. ಕಿಟಕಿ ಕೈಕೊಟ್ಟಾಗ ಗಿರಾಕಿಯ ಫೋನ್ ಬರುವುದು ಮಾತ್ರ ನನ್ನ ಮೇಜಿಗೆ. ಡೊಂಬಿವಲಿಯಿಂದ ಥಾಣೆಗೆ ಬೆಳಗಿನ ಲೋಕಲ್‌ನಲ್ಲಿ ನಿಂತು ಬಂದ ಮನುಷ್ಯನಿಗೆ ಮೊದಲ ಚಹಾಕ್ಕೆ ಮುಂಚೆಯೇ ಮೊದಲ ಬೈಗುಳ. ಹೀಗೆ ಹತ್ತೊಂಬತ್ತು ವರ್ಷ ಕಳೆದೆ. ಈಗ ನಿವೃತ್ತಿಯಾಗಿದೆ. ಬೈಯುವವರು ಮನೆಯಲ್ಲಿ ಒಬ್ಬರೇ, ಆರಾಮಾಗಿದ್ದೇನೆ.

ನಾವು ಮಾರುತ್ತಿದ್ದದ್ದು ಡಬಲ್ ಗ್ಲೇಜ್ಡ್ ಕಿಟಕಿ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದರಲ್ಲಿ ಇರುವುದು ಒಂದು ಗಾಜಲ್ಲ, ಎರಡು. ಎರಡರ ನಡುವೆ ಒಂದು ಬೆರಳಿನ ದಪ್ಪದಷ್ಟು ಸಂದು. ನಾಲ್ಕೂ ಅಂಚಿಗೆ ಟೊಳ್ಳಾದ ಅಲ್ಯೂಮಿನಿಯಂ ಪಟ್ಟಿ, ಅದಕ್ಕೆ ಸ್ಪೇಸರ್ ಎನ್ನುತ್ತೇವೆ. ಆ ಪಟ್ಟಿಯ ಹೊಟ್ಟೆಯೊಳಗೆ ತೇವ ಹೀರುವ ಸಣ್ಣ ಕಾಳುಗಳು. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಒಂದು ಪುಟ್ಟ ಪೊಟ್ಟಣ ಇರುತ್ತದಲ್ಲ, ಅದೇ ಜಾತಿ. ಅದರ ಸುತ್ತ ಎರಡು ಸುತ್ತಿನ ಸೀಲ್: ಒಳಗೆ ಕಪ್ಪು ಬ್ಯೂಟೈಲ್ ರಬ್ಬರಿನ ಅಂಟು, ಹೊರಗೆ ಸಿಲಿಕೋನ್ ಅಂಟು. ಎಲ್ಲ ಸರಿಯಾಗಿದ್ದರೆ ರಸ್ತೆಯ ಗದ್ದಲ, ಬಿಸಿಲಿನ ಧಗೆ ಎರಡೂ ಹೊರಗೇ ಉಳಿಯುತ್ತವೆ. ದೂರದಿಂದ ನೋಡಿದವರಿಗೆ ಒಂದೇ ಗಾಜಿನ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದವರಿಗೂ, ಹೇಳದಿದ್ದರೆ, ಒಂದೇ ಗಾಜು.

ಇನ್ನು ಮುಂಬಯಿ ಕಡೆಯ ಜನಕ್ಕೆ ಕಿಟಕಿಯ ಕಾಯಿಲೆಗೆಲ್ಲ ಒಂದೇ ಹೆಸರು: ಲೀಕೇಜ್. ಗೋಡೆ ಒದ್ದೆಯಾದರೂ ಲೀಕೇಜ್, ಗಾಳಿ ಸಿಳ್ಳೆ ಹಾಕಿದರೂ ಲೀಕೇಜ್, ಪಾರಿವಾಳ ಒಳಗೆ ಬಂದರೂ ಲೀಕೇಜ್. ನಮ್ಮ ಆಫೀಸಿನವರೂ ಅದೇ ಪದ ಬರೆದುಕೊಂಡು, ಸಿಲಿಕೋನ್ ಗನ್ ಕೊಟ್ಟು ಹುಡುಗರನ್ನು ಓಡಿಸುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ನಾನು ಕೂಗಾಡಿ ಕೂಗಾಡಿ ಗಂಟಲು ಕೆಡಿಸಿಕೊಂಡದ್ದೇ ಬಂತು.

ಅಂಥದ್ದೇ ಒಂದು ಲೀಕೇಜ್ ದೂರು ಖಾರಘರದಿಂದ ಬಂದಿತ್ತು. ಗುಡ್ಡದ ಬುಡದ ಒಂದು ಎತ್ತರದ ಕಟ್ಟಡ, ಹನ್ನೊಂದನೇ ಮಹಡಿ. ನಮ್ಮ ಟೆಕ್ನಿಷಿಯನ್ ಎರಡು ಸಲ ಹೋಗಿ ಬಂದಿದ್ದ. ಎರಡೂ ಸಲ ಬೇರೆ ಕೆಲಸ ಮುಗಿಸಿಕೊಂಡು ಸಂಜೆ ಏಳರ ಮೇಲೆ. ಗೋಡೆ ಒಣಗಿದೆ, ಗಾಜು ಸರಿಯಿದೆ ಎಂದು ದೂರು ಮುಚ್ಚಿಹಾಕಿದ್ದ. ಮಾರನೆಯ ದಿನ ಬೆಳಿಗ್ಗೆಯೇ ಆ ಮನೆಯ ಮೇಡಂ ಫೋನ್ ಮಾಡಿ ಹಿಂದಿಯಲ್ಲಿ ನನ್ನ ಜನ್ಮ ಜಾಲಾಡಿದರು. ಟ್ರ್ಯಾಕಿನಲ್ಲಿ, ಅಂದರೆ ಕಿಟಕಿ ಜಾರುವ ಹಳಿಯಲ್ಲಿ, ಮಳೆಗಾಲವಿಡೀ ನೀರು ನಿಂತು ಕಪ್ಪು ಬೂಷ್ಟು ಬಂದಿದೆ, ವಾಸನೆ ಹೊಡೆಯುತ್ತಿದೆ, ನಾನೇನು ಸುಳ್ಳು ಹೇಳುತ್ತೇನೆಯೇ ಎಂದು ಕೇಳುತ್ತಿದ್ದವರು ನಡುವೆ ಪಕ್ಕಕ್ಕೆ ತಿರುಗಿ, "ಅವ್ವಾ, ತಡೀಬೇ, ಫೋನಿನ್ಯಾಗ ಮಾತಾಡಾಕತ್ತೀನಿ" ಎಂದರು.

"ಮೇಡಂ, ಕನ್ನಡದಲ್ಲೇ ಬೈಯಿರಿ, ನನಗೂ ಚೆನ್ನಾಗಿ ತಾಗುತ್ತೆ" ಎಂದೆ.

ಆ ಕಡೆಯಿಂದ ಜೋರು ನಗು. ಅವರ ಹೆಸರು ಶೈಲಜಾ. ವಿಜಯಪುರದವರು, ಬೇಲಾಪುರದ ಒಂದು ಬ್ಯಾಂಕ್ ಕಚೇರಿಯಲ್ಲಿ ಕೆಲಸ. ಗಂಡ ಪುಣೆಯಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಹಗಲು ಮನೆಯಲ್ಲಿ ಇರುವವರು ತಾಯಿ ನೀಲವ್ವ ಒಬ್ಬರೇ. "ಮಧ್ಯಾಹ್ನ ಬಂದ್ರ ಅವ್ವ ಬಾಗಿಲಾ ತಗೀತಾಳ್ರಿ ಸರ್. ಆದ್ರ ಆಕಿ ಒಂದಿಷ್ಟು ಕಣ್ಣಿನ ಕಥಿ ಹೇಳತಾಳ. ಅದಕ್ಕ ನೀವು ಹೂಂ ಅನಬ್ಯಾಡ್ರಿ, ಪ್ಲೀಸ್" ಎಂದರು. ಕಣ್ಣಿನ ಕಥೆಗೂ ಕಿಟಕಿಗೂ ಏನು ಸಂಬಂಧ ಎಂದು ನಾನೂ ಕೇಳಲಿಲ್ಲ.

ಥಾಣೆಯಿಂದ ಪನ್ವೇಲ್ ಗಾಡಿ ಹಿಡಿದು ಖಾರಘರದಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಈ ಊರಿನವರು ಅದಕ್ಕೆ ಅಕ್ಟೋಬರ್ ಹೀಟ್ ಎನ್ನುತ್ತಾರೆ. ಮಳೆ ಹೋಗಿರುತ್ತದೆ, ಅದರ ಬೆವರು ಹೋಗಿರುವುದಿಲ್ಲ. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಕೈಯಲ್ಲಿ ಕೋಲು, ಒಂದು ಕಣ್ಣು ಬೆಳ್ಳಗೆ ಮಬ್ಬಾಗಿತ್ತು, ಇನ್ನೊಂದು ನಿಚ್ಚಳವಾಗಿತ್ತು. ಮಂಡಿನೋವು ಎಷ್ಟಿತ್ತೆಂದರೆ ಬಾಗಿಲಿನಿಂದ ಕೋಣೆಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತರು.

"ಕನ್ನಡ ಬರತೈತೇನ್ರಿ ನಿಮಗ?"

"ಬರುತ್ತೆ ಅಮ್ಮ, ತುಮಕೂರಿನವನು."

"ಯಪ್ಪಾ, ಬದಕಿದೆ. ನಿಮ್ಮದು ಪುಸ್ತಕದಾಗಿನ ಕನ್ನಡ ಬಿಡ್ರಿ, ಆದ್ರೂ ಅಡ್ಡಿಯಿಲ್ಲ."

ಕೋಣೆ ಎ.ಸಿ.ಯಿಂದ ತಣ್ಣಗಿತ್ತು. ಕಿಟಕಿಯ ಎದುರಿಗೆ ಒಂದು ಕುರ್ಚಿ, ಪಕ್ಕದ ಸ್ಟೂಲಿನ ಮೇಲೆ ಬಿದಿರಿನ ಬುಟ್ಟಿಯಲ್ಲಿ ಹತ್ತಿ ಮತ್ತು ದೇವರ ದೀಪಕ್ಕೆಂದು ಹೊಸೆದಿಟ್ಟ ಬತ್ತಿ. ನಾನು ಚೀಲ ಇಳಿಸುವ ಮೊದಲೇ ನೀಲವ್ವ ಕುರ್ಚಿಯಲ್ಲಿ ಕುಳಿತು ಕೋಲಿನಿಂದ ಕಿಟಕಿಯ ಕಡೆ ತೋರಿಸಿದರು.

"ನಿಮ್ಮ ಕೆಲಸ ಆಮ್ಯಾಲ ಮಾಡ್ರಿ ತಮ್ಮಾ. ಮೊದಲ ಒಂದು ಮಾತು ಹೇಳ್ರಿ. ಅಲ್ಲಿ ಗುಡ್ಡ ಐತಲ್ಲ, ನಿಮಗ ಕಾಣತೈತೇನು?"

ನಾನು ನೋಡಿದೆ. ಗಾಜಿನ ತುಂಬ ಬಿಳಿ ಮಂಜು. ಕೆಳಗಿನ ಮೂಲೆಗಳಲ್ಲಿ ಹನಿ ಕಟ್ಟಿ ಇಳಿದಿತ್ತು. ಚೀಲದಿಂದ ಟೇಪು ತೆಗೆಯುತ್ತಾ, ಮೇಲೆ ನೋಡದೆಯೇ, "ಎಲ್ಲಿ ಕಾಣುತ್ತೆ ಅಮ್ಮ, ಪೂರ್ತಿ ಮಂಜು" ಎಂದೆ.

ತಿರುಗಿ ನೋಡಿದರೆ ಆಕೆ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು.

"ನಿಮಗೂ ಕಣ್ಣಿನ ಆಪ್ರೇಶನ್ ಆಗೈತೇನ್ರಿ?"

ನನಗೆ ಅರ್ಥವಾಗಲಿಲ್ಲ. ಇಲ್ಲ ಎಂದೆ. ಹಾಗಾದರೆ ಮಂಜು ಹೇಗೆ ಕಾಣುತ್ತದೆ ಎಂದು ಕೇಳಿದರು. ಆಮೇಲೆ ಒಂದೊಂದಾಗಿ ಹೊರಬಿತ್ತು ಆ ಕಣ್ಣಿನ ಕಥೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಜುಲೈಯಲ್ಲಿ ಬಲಗಣ್ಣಿಗೆ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ಗುಡ್ಡದ ಮೇಲಿನ ಹಸಿರು, ಇಳಿಯುವ ನೀರು, ಎಲ್ಲ ಕಂಡಿತಂತೆ. "ಕೂತಲ್ಲೇ ಲಗ್ನದ ಮನಿ ಕಂಡಂಗ ಆತ್ರಿ" ಎಂದರು. ಎಡಗಣ್ಣಿಗೆ ದೀಪಾವಳಿಯ ಮುಂಚೆ ಆಪರೇಶನ್ ಎಂದು ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಈ ತಿಂಗಳು ಮಂಜು ಶುರುವಾಯಿತು. ಹತ್ತಿರದ್ದು ಕಾಣುವುದು, ದೂರದ ಗುಡ್ಡಕ್ಕೆ ಮಾತ್ರ ಮಂಜು. ಹೊತ್ತು ಏರಿದಂತೆ ಬರುವುದು, ಸಂಜೆ ಹೋಗುವುದು. ಭಾನುವಾರ ಮಾತ್ರ ಬರುವುದೇ ಇಲ್ಲ. ಕಣ್ಣಿನ ಡಾಕ್ಟರು ಸಂಜೆಯ ಕ್ಲಿನಿಕ್‌ನಲ್ಲಿ ಎರಡು ಸಲ ನೋಡಿ, ಕಣ್ಣು ಬಹಳ ಚೆನ್ನಾಗಿದೆ ಎಂದು ಕಳಿಸಿದರು.

"ಮಗಳು ಏನಂತಾಳ ಗೊತ್ತೇನ್ರಿ? ನಾ ಮನ್ಯಾಗ ಇದ್ದ ದಿನ ನಿನಗ ಕಣ್ಣು ಚಲೋ ಇರತಾವ, ನಾ ಆಫೀಸಿಗೆ ಹ್ವಾದ ದಿನ ಮಂಜ ಬರತೈತಿ. ಇದು ಕಣ್ಣಿನ ಬ್ಯಾನಿ ಅಲ್ಲವ್ವಾ, ಒಬ್ಬಾಕಿನ ಇರಾಕ ಬ್ಯಾಸರ, ಅಂತ. ನಾ ನಾಟಕ ಮಾಡತೀನಂತ್ರಿ! ಈ ವಯಸ್ಸಿನ್ಯಾಗ!"

ಸಿಟ್ಟಿನಿಂದ ಕೋಲು ನೆಲಕ್ಕೆ ಬಡಿದರು. ಆ ಸಿಟ್ಟಿನ ಕೆಳಗೆ ಭಯವಿತ್ತು. ಕೊಯ್ಯಿಸಿದ ಕಣ್ಣೇ ಕೆಟ್ಟಿತು, ಇನ್ನು ಎಡಗಣ್ಣನ್ನೂ ಕೊಯ್ಯಿಸಿಕೊಂಡು ಇರುವ ಮಬ್ಬು ಬೆಳಕನ್ನೂ ಕಳೆದುಕೊಳ್ಳಲೇ ಎಂದು ಆಪರೇಶನ್ ಬೇಡ ಎಂದುಬಿಟ್ಟಿದ್ದರು. "ಕುರುಡಗಣ್ಣಿಗಿಂತ ಮೆಳ್ಳಗಣ್ಣ ಲೇಸು" ಎಂದು ಡಾಕ್ಟರಿಗೇ ಹೇಳಿ ಬಂದಿದ್ದರಂತೆ. ಡಾಕ್ಟರು ಆ ಕಣ್ಣಿನ ಪೊರೆ ಬಲಿತು ಕೂತಿದೆ, ಇನ್ನು ತಡ ಮಾಡಬಾರದು ಎಂದು ಮಗಳಿಗೆ ಎಚ್ಚರಿಸಿದ್ದರು. ಒಂದು ಮನೆಯಲ್ಲಿ ತಾಯಿ ಮಗಳು ಮಾತುಬಿಟ್ಟು ಕೂರಲು ಇಷ್ಟು ಸಾಕಲ್ಲ.

"ಅಮ್ಮ, ಮಂಜು ಇರುವುದು ಕಿಟಕಿಯಲ್ಲಿ, ನಿಮ್ಮ ಕಣ್ಣಲ್ಲಿ ಅಲ್ಲ" ಎಂದೆ.

ಆಕೆ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಅಷ್ಟೂ ತಿಳಿಯೂದಿಲ್ಲೇನ್ರಿ ನನಗ? ಸೆರಗಿಲೆ ಒರಸಿ ನೋಡೀನಿ. ಹೋಗಲಿಲ್ಲ. ಒಂದ್ ಚೂರ ಸಂದ ಮಾಡಿ, ಕೈ ಹೊರಗ ಹಾಕಿ ಆ ಕಡಿಂದೂ ಒರಸೀನಿ. ಹೋಗಲಿಲ್ಲ. ಗಾಜಿನ ಮ್ಯಾಲಿನ ಮಂಜ ಆಗಿದ್ರ ಒರಸಿದ್ರ ಹೋಗಬೇಕಿಲ್ಲೋ? ಹೋಗಲಿಲ್ಲ ಅಂದ್ರ ಅದು ನನ್ನ ಕಣ್ಣಾಗಿಂದ."

ನಾನು ಟೇಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎಂಥ ಸರಿಯಾದ ತರ್ಕ! ಎರಡೂ ಕಡೆ ಒರಸಿದ್ದಾರೆ. ಎರಡೂ ಕಡೆ ಹೋಗಲಿಲ್ಲ. ಗಾಜು ಒಂದೇ ಆಗಿದ್ದರೆ ಆಕೆಯ ತೀರ್ಮಾನದಲ್ಲಿ ಒಂದು ಕೂದಲೆಳೆಯ ತಪ್ಪೂ ಇರುತ್ತಿರಲಿಲ್ಲ. ನಮ್ಮ ಸೇಲ್ಸ್‌ನವರು ಈ ಮನೆಗೆ ಕಿಟಕಿ ಮಾರುವಾಗ ಮಗಳಿಗೆ ಬಣ್ಣಬಣ್ಣದ ಪುಸ್ತಿಕೆ ತೋರಿಸಿದ್ದರು. ಅದರ ಎದುರು ದಿನವಿಡೀ ಕೂರುವ ತಾಯಿಗೆ ಅದರಲ್ಲಿ ಎರಡು ಗಾಜಿದೆ ಎಂದು ಯಾರೂ ಹೇಳಿರಲಿಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ನಂಬುವ ಹೆಂಗಸಲ್ಲ ಎಂದು ಗೊತ್ತಾಯಿತು. "ಎಡಗಣ್ಣು ಮುಚ್ಚಿಕೊಳ್ಳಿ, ಬಲಗಣ್ಣಿನಿಂದ ಮಂಜನ್ನೇ ನೋಡ್ತಾ ಇರಿ" ಎಂದು, ಮಂಜು ಕಟ್ಟಿದ ಪಲ್ಲಾವನ್ನು ಪಕ್ಕಕ್ಕೆ ಸರಿಸಿದೆ. ಪಲ್ಲಾ ಎಂದರೆ ಹಳಿಯ ಮೇಲೆ ಜಾರುವ ಗಾಜಿನ ಕದ. ಬಿಸಿಗಾಳಿ ನುಗ್ಗಿತು. ಎದುರಿಗೆ ಗುಡ್ಡ, ಅದರ ನೆತ್ತಿಯ ಬಂಡೆ, ಬಂಡೆಯ ಬುಡದ ಒಣಗುತ್ತಿರುವ ಹುಲ್ಲು, ಎಲ್ಲ ಫಳಫಳ.

ನೀಲವ್ವ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು.

"ಇವತ್ತ ಐತವಾರ ಅಲ್ಲಲ್ರೀ!"

ಐತವಾರ ಎಂದರೆ ಅವರ ಕಡೆ ಭಾನುವಾರ. ಭಾನುವಾರ ಅಳಿಯ, ಮಗಳು ಇಬ್ಬರೂ ಮನೆಯಲ್ಲಿರುವುದರಿಂದ ಎ.ಸಿ. ಆರಿಸಿ ಕಿಟಕಿಯನ್ನು ಪೂರ್ತಿ ತೆರೆದಿಡುತ್ತಿದ್ದರು. ಅದಕ್ಕೇ ಭಾನುವಾರ ಮಂಜಿಲ್ಲ! ನಾನು ಪಲ್ಲಾ ಮುಚ್ಚಿದೆ, ಮಂಜು. ತೆರೆದೆ, ಗುಡ್ಡ. ಮತ್ತೆ ಮುಚ್ಚಲು ಹೋದಾಗ "ಸಾಕ್ರಿ, ಸಾಕ್ರಿ, ತಿಳೀತು" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಹೇಳಲಾಗದು. ಕಿಟಕಿ ರಿಪೇರಿಯವನಿಗೆ ಇಂಥ ದಿನಗಳು ಬರುವುದು ಅಪರೂಪ.

ಇಲ್ಲಿ ನಡೆದದ್ದು ಏನೆಂದು ಹೇಳಬೇಕು. ಅಂಚಿನ ಸೀಲ್ ಸೋತರೆ ಹೊರಗಿನ ತೇವ ಎರಡು ಗಾಜಿನ ನಡುವಿನ ಸಂದಿಗೆ ನುಸುಳುತ್ತದೆ. ಸ್ಪೇಸರಿನ ಕಾಳುಗಳು ಹೀರುವಷ್ಟು ಹೀರಿ, ಇನ್ನು ನಮ್ಮಿಂದಾಗದು ಎಂದು ಕೈಚೆಲ್ಲುತ್ತವೆ. ಆಮೇಲೆ ಒಳಗಿನ ಗಾಜು ತಣ್ಣಗಾದಾಗಲೆಲ್ಲ ಆ ತೇವ ಅದರ ಒಳಮೈಗೆ ಮಂಜಾಗಿ ಕೂರುತ್ತದೆ. ಈ ತಿಂಗಳ ಧಗೆಯಲ್ಲಿ ಆಪರೇಶನ್ ಆದ ಕಣ್ಣಿಗೆ ಬೆವರು ಇಳಿಯಬಾರದು ಎಂದು ಶೈಲಜಾ ಬೆಳಿಗ್ಗೆ ಎ.ಸಿ. ಹಚ್ಚಿ ಆಫೀಸಿಗೆ ಹೋಗುತ್ತಿದ್ದರು. ಹೊತ್ತು ಏರಿದಂತೆ ಗಾಜು ತಣ್ಣಗಾಗಿ ಮಂಜು. ಸಂಜೆ ಮಂಡಿ ಸೆಳೆಯುತ್ತದೆ ಎಂದು ನೀಲವ್ವ ಎ.ಸಿ. ಆರಿಸುತ್ತಿದ್ದರು, ಗಾಜು ಬೆಚ್ಚಗಾಗಿ ಮಂಜು ಮಾಯ. ಶೈಲಜಾ ಬರುವಾಗ ಕತ್ತಲು, ಪರದೆ ಎಳೆದಿರುತ್ತದೆ. ನಮ್ಮ ಟೆಕ್ನಿಷಿಯನ್ ಮಹಾಶಯನೂ ಬಂದದ್ದು ಆ ಹೊತ್ತಿಗೇ. ಕಣ್ಣಿಗೆ ಒಳ್ಳೆಯದಾಗಲೆಂದು ಹಚ್ಚಿದ ಎ.ಸಿ.ಯೇ ಕಣ್ಣಿನ ಮೇಲೆ ಅನುಮಾನ ತಂದಿತ್ತು.

ಸೀಲ್ ಸೋತಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ನೀಲವ್ವ ಮಾಡಿದ್ದೇ ಮೊದಲ ಪರೀಕ್ಷೆ: ಎರಡೂ ಕಡೆ ಒರಸಿದರೂ ಹೋಗದಿದ್ದರೆ ಮಂಜು ನಡುವೆ ಇದೆ. ಗಾಜು ಒಣಗಿದಾಗ ಒಳಮೈಯಲ್ಲಿ ಸುಣ್ಣದ ನೀರು ಇಳಿದು ಆರಿದಂಥ ಗೆರೆಗಳು ಉಳಿಯುತ್ತವೆ, ಅದು ಎರಡನೆಯ ಗುರುತು. ಬ್ಯಾಟರಿ ಹಚ್ಚಿ ಅಂಚಿನ ಕಪ್ಪು ಸೀಲನ್ನು ನೋಡಿದರೆ ಅದು ಎಲ್ಲಿ ಬಿರಿದು ಒಳಕ್ಕೆ ಜಾರಿದೆ ಎಂದು ಕಾಣುತ್ತದೆ. ಇಲ್ಲಿ ಬಿರಿದದ್ದು ಕೆಳಗಿನ ಅಂಚು ಮಾತ್ರ, ಅದೂ ಉದ್ದಕ್ಕೆ. ಮೂರು ವರ್ಷದ ಕಿಟಕಿಗೆ ಇಷ್ಟು ಬೇಗ ಹೀಗಾಗಬಾರದು. ಕೆಳಗಿನ ಅಂಚು ಕೊಳೆತಿದೆ ಎಂದರೆ ಅದು ನೀರಿನಲ್ಲಿ ನಿಂತಿದೆ. ನೀರು ಯಾಕೆ ನಿಂತಿತು?

ಟ್ರ್ಯಾಕಿಗೆ ಬಗ್ಗಿದೆ. ಮಳೆನೀರು ಹೊರಗೆ ಹರಿದುಹೋಗಲೆಂದು ಹಳಿಯ ತಳದಲ್ಲಿ ಸಣ್ಣ ಸೀಳುತೂತುಗಳನ್ನು ಬಿಟ್ಟಿರುತ್ತೇವೆ. ನಮ್ಮ ಭಾಷೆಯಲ್ಲಿ ವೀಪ್ ಹೋಲ್, ಕನ್ನಡದಲ್ಲಿ ಹೇಳುವುದಾದರೆ ಅಳುವ ತೂತು. ಕಿಟಕಿ ಅಳಬೇಕು ಸ್ವಾಮಿ, ಅಳದಿದ್ದರೆ ಒಳಗೇ ಕೊಳೆಯುತ್ತದೆ. ಈ ಕಿಟಕಿಯ ಒಂದು ತೂತೂ ಕಾಣಲಿಲ್ಲ. ಬೂಷ್ಟು ಕೆರೆದೆ. ಒಳಗೆ ಏನೋ ಗಟ್ಟಿಯಾಗಿ ತುರುಕಿತ್ತು. ಚಿಮುಟದಿಂದ ಎಳೆದರೆ ಮೇಣ ಮೆತ್ತಿದ ಒಂದು ಹತ್ತಿಯ ಬತ್ತಿ ಹೊರಗೆ ಬಂತು. ಪಕ್ಕದ ತೂತಿನಲ್ಲಿ ಇನ್ನೊಂದು. ಸಾಲಾಗಿ ಎಲ್ಲದರಲ್ಲೂ ದೇವರ ಮುಂದೆ ಹಚ್ಚುವ ಬತ್ತಿಗಳು. ಎಣ್ಣೆ ಹಾಕಿದ್ದರೆ ಕಾರ್ತಿಕ ದೀಪೋತ್ಸವ ಮಾಡಬಹುದಿತ್ತು.

ಬತ್ತಿಯನ್ನು ಎತ್ತಿ ಹಿಡಿದು ನೀಲವ್ವನ ಕಡೆ ತಿರುಗಿದೆ.

"ಅದೇನು ನೋಡತೀರಿ? ನಾನ ಹಾಕೀನಿ" ಎಂದರು, ಸ್ವಲ್ಪವೂ ಅಳುಕಿಲ್ಲದೆ. "ಮಳಿ ಮುಂದ ಇರಿವಿ ಸಾಲಗಟ್ಟಿ ಬಂದ್ವು. ಕಣ್ಣ ಕಾಣತಿದ್ದಿಲ್ಲ, ಕೈಯಾಡಿಸಿ ತೂತ ಹುಡುಕಿ, ಬತ್ತಿ ಮೇಣದಾಗ ಅದ್ದಿ ತುರುಕಿದೆ. ನಮ್ಮೂರಾಗ ಸೋರೂ ಕೊಡಕ್ಕ ಹಿಂಗ ಮಾಡತಿದ್ವಿ. ಒಂದ್ ಹನಿ ನೀರ ಹೋಗತಿತ್ತಿಲ್ಲ."

"ಇಲ್ಲೂ ಒಂದು ಹನಿ ಹೋಗಿಲ್ಲ ಅಮ್ಮ" ಎಂದೆ. "ಅದೇ ತಾಪತ್ರಯ ಆಗಿರೋದು."

ಇರುವೆ ತಡೆಯಲು ಹಾಕಿದ ಬತ್ತಿ ಮಳೆಗಾಲದ ನೀರನ್ನೆಲ್ಲ ಹಳಿಯಲ್ಲೇ ಹಿಡಿದಿಟ್ಟಿತು. ಪಲ್ಲಾದ ತಳ ತಿಂಗಳುಗಟ್ಟಲೆ ನೀರಿನಲ್ಲಿ ನಿಂತಿತು. ಸೀಲ್ ಎಂಥದ್ದಾದರೂ ಅಂಥ ನೆನೆತಕ್ಕೆ ಬಾಳುವುದಿಲ್ಲ. ಮಳೆಗಾಲದಲ್ಲಿ ಎ.ಸಿ. ಹಚ್ಚದ ಕಾರಣ ಮಂಜು ಕಾಣಲಿಲ್ಲ, ಬಿಸಿಲು ಬಂದು ಎ.ಸಿ. ಹಚ್ಚಿದ ಮೇಲೆ ಕಂಡಿತು. ಇದನ್ನೆಲ್ಲ ವಿವರಿಸಿದಾಗ ನೀಲವ್ವ ಹಣೆ ಬಡಿದುಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂದ್ರ ಕಿಟಕಿಗೆ ಪೊರಿ ತಂದಾಕಿ ನಾನ!" ಎಂದರು.

ಅಲ್ಲಿಂದಲೇ ಶೈಲಜಾಗೆ ಫೋನ್ ಮಾಡಿದೆ. ನಿಮ್ಮ ತಾಯಿ ಹೇಳುವ ಮಂಜು ನಿಜ, ಅದು ಕಿಟಕಿಯದು ಎಂದೆ. ಆಕೆ ನಿಟ್ಟುಸಿರು ಬಿಟ್ಟು, "ಸರ್, ಡಾಕ್ಟರ್‌ಗೂ ಹಿಂಗ ಹೇಳಿದಾಳ. ನಾನೇ ಎಷ್ಟ ಸಲ ಆ ಕಿಟಕಿ ನೋಡೀನಿ, ಕ್ಲಿಯರ್ ಐತಿ. ನಿಮಗ ಹೂಂ ಅನಬ್ಯಾಡ್ರಿ ಅಂದಿದ್ದೆ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಗಿರಾಕಿಯ ಮೇಲೆ ದನಿ ಎತ್ತಬಾರದು ಎಂದು ಹುಡುಗರಿಗೆ ಪಾಠ ಹೇಳುತ್ತಿದ್ದವನು ನಾನೇ. "ಮೇಡಂ, ನೀವು ನೋಡಿದ ಹೊತ್ತು ಬೇರೆ, ಅವರು ನೋಡೋ ಹೊತ್ತು ಬೇರೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಮನೇಲಿರಿ. ನಾನೂ ಬರ್ತೀನಿ. ನೀವಿಲ್ಲದೆ ಈ ಕಿಟಕಿ ಮುಟ್ಟೋದಿಲ್ಲ" ಎಂದು ಫೋನ್ ಇಟ್ಟೆ.

ಬೇಲಾಪುರ ಅಲ್ಲಿಗೆ ಮುಂದಿನ ನಿಲ್ದಾಣ. ಮಾರನೆಯ ದಿನ ಶೈಲಜಾ ಬಂದರು, ಬಿಗಿದ ಮುಖದಲ್ಲೇ ಬಂದರು. ಕತ್ತಿನಲ್ಲಿ ಆಫೀಸಿನ ಕಾರ್ಡು ಇನ್ನೂ ನೇತಾಡುತ್ತಿತ್ತು. ಎ.ಸಿ. ಬೆಳಿಗ್ಗೆಯಿಂದ ಓಡುತ್ತಿತ್ತು. ಕೋಣೆಯೊಳಗೆ ಕಾಲಿಟ್ಟವರು ಕಿಟಕಿ ನೋಡಿ ಅಲ್ಲೇ ನಿಂತರು. ಆಮೇಲೆ ನೇರ ಹೋಗಿ ದುಪ್ಪಟ್ಟಾದ ತುದಿಯಿಂದ ಗಾಜು ಒರಸಿದರು. ಮಂಜು ಹಾಗೇ ಇತ್ತು. ಒತ್ತಿ ಒರಸಿದರು. ಪಲ್ಲಾ ಸರಿಸಿ, ಕೈ ಹೊರಗೆ ಹಾಕಿ, ಆ ಕಡೆಯಿಂದ ಒರಸಿದರು.

"ಒರಸವ್ವಾ, ಒರಸು" ಎಂದರು ನೀಲವ್ವ ಕುರ್ಚಿಯಿಂದ. "ನಾನೂ ಹಂಗ ಒರಸೀನಿ."

ಶೈಲಜಾರ ಕೈ ನಿಂತಿತು. ತಿರುಗಿ ಬಂದು ತಾಯಿಯ ಕಾಲಬುಡದಲ್ಲಿ ನೆಲದ ಮೇಲೆ ಕುಳಿತುಬಿಟ್ಟರು. "ಅವ್ವಾ, ನೀ ಖರೇನ ಹೇಳಾಕತ್ತಿದ್ದಿ. ನಾ ನಿನ್ನ ನಂಬಲಿಲ್ಲ" ಎಂದರು. ನೀಲವ್ವ ಮಗಳ ತಲೆಯ ಮೇಲೆ ಕೈಯಿಟ್ಟು, "ಈಗ ನಂಬಿದಿಯಿಲ್ಲೋ, ಆತು ಬಿಡು. ಬತ್ತಿ ಹಾಕಿದಾಕಿ ನಾನ" ಎಂದರು. ಬತ್ತಿಯ ವಿಷಯ ಗೊತ್ತಿರದ ಶೈಲಜಾ ಕಣ್ಣೊರಸಿಕೊಂಡು ನನ್ನ ಮುಖ ನೋಡಿದರು. ಅಡುಗೆಮನೆಗೆ ಹೋಗಿ ಚಹಾ ಇಡುವ ನೆಪದಲ್ಲಿ ಅವರಿಬ್ಬರನ್ನೂ ಬಿಟ್ಟು ಹೊರಗೆ ಬರೋಣವೆನಿಸಿತು. ಅಪರಿಚಿತರ ಅಡುಗೆಮನೆ ಎಂದು ಸುಮ್ಮನೆ ಬೂಷ್ಟು ಕೆರೆಯುತ್ತಾ ಕುಳಿತೆ.

ಅವತ್ತೇ ಆಪರೇಶನ್ನಿಗೆ ಒಪ್ಪಿಗೆ ಸಿಕ್ಕಿತು, ಒಂದು ಷರತ್ತಿನ ಮೇಲೆ. "ಮೊದಲ ಕಿಟಕಿ ಕಣ್ಣು ಮಾಡ್ರಿ, ಆಮ್ಯಾಲ ನನ್ನ ಕಣ್ಣು. ಪಟ್ಟಿ ಬಿಚ್ಚಿದ ಮ್ಯಾಲ ಮತ್ತ ಮಂಜ ಕಂಡ್ರ ನನಗ ಜೀವ ಹೋದಂಗ ಆಗತೈತಿ" ಎಂದರು ನೀಲವ್ವ. ಡಾಕ್ಟರು ಮೊದಲು ಕೊಟ್ಟಿದ್ದ ದಿನವನ್ನೇ ಉಳಿಸಿಕೊಳ್ಳಬೇಕಿತ್ತು. ದೀಪಾವಳಿ ಹತ್ತಿರ ಬರುತ್ತಿತ್ತು. ಹಬ್ಬ ಬಂತೆಂದರೆ ನಮ್ಮ ಗಾಜಿನ ಕಾರ್ಖಾನೆಯ ಅರ್ಧ ಜನ ಊರಿಗೆ ಹೊರಡುತ್ತಾರೆ.

ಸೋತ ಸೀಲಿಗೆ ಮಾರುಕಟ್ಟೆಯಲ್ಲಿ ಒಂದು ಅಗ್ಗದ ಮದ್ದಿದೆ. ಗಾಜಿಗೆ ಸಣ್ಣ ತೂತು ಕೊರೆದು, ಒಳಗಿನ ತೇವವನ್ನು ಒಣಗಿಸಿ, ತೂತಿಗೆ ಬಿರಡೆ ಹಾಕುತ್ತಾರೆ. ಮಂಜು ಹೋಗುತ್ತದೆ, ಆದರೆ ಬಿರಿದ ಸೀಲ್ ಬಿರಿದೇ ಇರುತ್ತದೆ. ಹೊರಗಿನಿಂದ ಇನ್ನಷ್ಟು ಸಿಲಿಕೋನ್ ಬಳಿಯುವುದಂತೂ ಶುದ್ಧ ಮೋಸ, ಒಳಗೆ ಸೇರಿದ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ. ಸರಿಯಾದ ದಾರಿ ಒಂದೇ: ಚೌಕಟ್ಟನ್ನು ಉಳಿಸಿಕೊಂಡು ಎರಡು ಗಾಜಿನ ಜೋಡಿಯನ್ನೇ ಬದಲಿಸುವುದು. ಅಳತೆ ತೆಗೆದು ಕಾರ್ಖಾನೆಗೆ ಹೇಳಿದೆ. ಹಬ್ಬ ಕಳೆದ ಮೇಲೆ ನೋಡೋಣ ಎಂದರು. ನಾನೇ ಹೋಗಿ ಸುಪರ್‌ವೈಸರ್ ಎದುರು ಕುಳಿತೆ. ಅವನು ಬಿಹಾರದವನು. ನನ್ನ ಕಥೆ ಪೂರ್ತಿ ಕೇಳಿ, "ಮಾಜೀ ಕೀ ಆಂಖ್ ಕಾ ಮಾಮ್ಲಾ ಹೈ ತೋ ಪೆಹ್ಲೇ ಬೋಲ್ನಾ ಥಾ ನಾ ಸಾಬ್" ಎಂದ. ತಾಯಿಯ ಕಣ್ಣಿನ ವಿಷಯವೆಂದು ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಗದರಿಸಿ, ಕ್ಯೂ ಮುರಿದು ನಮ್ಮ ಗಾಜನ್ನೇ ಮೊದಲು ಕೆಲಸಕ್ಕೆ ತೆಗೆದುಕೊಂಡ. ಸೀಲ್ ಗಟ್ಟಿಯಾಗಲು ಬೇಕಾದಷ್ಟು ಹೊತ್ತು ಬಿಟ್ಟೇ ಕಳಿಸಿದ, ಅದರಲ್ಲಿ ಮಾತ್ರ ಅವಸರ ಮಾಡಲಿಲ್ಲ.

ಆಪರೇಶನ್ನಿಗೆ ಮೂರು ದಿನ ಇರುವಾಗ ಹೊಸ ಜೋಡಿ ಕೂರಿಸಿದೆವು. ಹಳೆಯದನ್ನು ಬಿಚ್ಚಿ, ಚೌಕಟ್ಟು ಒಣಗಿಸಿ, ಗಾಜು ತಳಕ್ಕೆ ತಾಗದಂತೆ ಕೆಳಗೆ ಸಣ್ಣ ಪ್ಲಾಸ್ಟಿಕ್ ಅಡಿಗಟ್ಟುಗಳನ್ನಿಟ್ಟೆವು. ಎಲ್ಲ ತೂತುಗಳನ್ನೂ ತೆರೆದು, ಇರುವೆ ನುಗ್ಗದಂತೆ ಹೊರಬಾಯಿಗೆ ಸಣ್ಣ ಜಾಲರಿ ಹಾಕಿದೆ. ಇರುವೆಯ ದೂರೂ ನಿಜವೇ ಆಗಿತ್ತಲ್ಲ. ಕೊನೆಗೆ ನೀಲವ್ವನ ಕೈಗೆ ಒಂದು ತಂಬಿಗೆ ನೀರು ಕೊಟ್ಟು, ಹಳಿಗೆ ಸುರಿಯಿರಿ ಎಂದೆ. ಸುರಿದರು. ನೀರು ಹೊರಗೆ ಹರಿದು ಹೋಯಿತು. ಇನ್ನೊಂದು ತಂಬಿಗೆ ಕೇಳಿದರು. ಮೂರನೆಯದು ಕೇಳಿದಾಗ ಕೆಳಗಿನ ಮಹಡಿಯವರು ಮರಾಠಿಯಲ್ಲಿ ಕೂಗಲು ಶುರು ಮಾಡಿದ್ದರಿಂದ ನಿಲ್ಲಿಸಬೇಕಾಯಿತು.

ಆಫೀಸಿನ ಕಾಗದದಲ್ಲಿ ಸೀಲ್ ಕೆಡಲು ಕಾರಣ ಎಂಬ ಜಾಗದಲ್ಲಿ ನಾನು "ಹೂಬತ್ತಿ" ಎಂದೇ ಬರೆದೆ. ಯಾವ ಸ್ಪೇರ್ ಪಾರ್ಟ್ ಇದು, ಕೋಡ್ ನಂಬರ್ ಕೊಡಿ ಎಂದು ಹೆಡ್ ಆಫೀಸಿನಿಂದ ಎರಡು ದಿನ ಮೇಲ್ ಬರುತ್ತಿತ್ತು.

ಎಡಗಣ್ಣಿನ ಆಪರೇಶನ್ ಸಲೀಸಾಗಿ ಆಯಿತು. ಡಿಸೆಂಬರಿನ ಒಂದು ಭಾನುವಾರ ನನ್ನನ್ನೂ ನನ್ನ ಹೆಂಡತಿಯನ್ನೂ ಊಟಕ್ಕೆ ಕರೆದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನನ್ನ ಹೆಂಡತಿ ತಂದಿದ್ದ ಹೋಳಿಗೆಯನ್ನು ನೀಲವ್ವ ಎರಡೂ ಕಣ್ಣು ಹತ್ತಿರ ತಂದು ಪರೀಕ್ಷಿಸಿ, "ಅಂಚು ಒಂಚೂರು ಹೊತ್ತೈತಿ" ಎಂದರು. ಆಕೆಗೆ ಈಗ ಕಾಣದೆ ಹೋಗುವುದು ಏನೂ ಇರಲಿಲ್ಲ.

ಆ ಕೇಸಿನ ನಂತರ ನಮ್ಮ ವಿಭಾಗದಲ್ಲಿ ಒಂದು ನಿಯಮ ಮಾಡಿದೆ. ದೂರು ಬಂದರೆ, ನಮಗೆ ಬಿಡುವಾದ ಹೊತ್ತಿಗೆ ಹೋಗುವುದಲ್ಲ. ತೊಂದರೆ ಯಾವ ಹೊತ್ತಿಗೆ ಕಾಣುತ್ತದೆಂದು ಕೇಳಿ, ಆ ಹೊತ್ತಿಗೆ ಹೋಗಿ, ದೂರು ಕೊಟ್ಟವರು ಕೂರುವ ಜಾಗದಲ್ಲಿ ಕುಳಿತು ನೋಡಬೇಕು. ಜನ ಕಾರಣವನ್ನು ತಪ್ಪು ಹೇಳಬಹುದು, ಕಂಡದ್ದನ್ನು ತಪ್ಪು ಹೇಳುವುದು ಬಹಳ ಕಡಿಮೆ. ಹುಡುಗರು ಮೊದಲು ಗೊಣಗಿದರು, ಆಮೇಲೆ ಒಂದೇ ಮನೆಗೆ ಮೂರು ಮೂರು ಸಲ ಹೋಗುವುದು ತಪ್ಪಿದ ಮೇಲೆ ಒಪ್ಪಿಕೊಂಡರು. ಹತ್ತೊಂಬತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದನ್ನು ನನಗಿಂತ ಚೆನ್ನಾಗಿ ಹೇಳಿದವರು ಮಾತ್ರ ನೀಲವ್ವ, ಆ ಭಾನುವಾರವೇ.

ಊಟ ಮುಗಿದಿತ್ತು. ಎಲ್ಲರೂ ಕಿಟಕಿಯ ಬಳಿ ಕುಳಿತಿದ್ದೆವು. ನೀಲವ್ವ ಗುಡ್ಡದ ಕಡೆ ಬೆರಳು ಮಾಡಿ, ಅಲ್ಲಿ ಬಂಡೆಯ ಪಕ್ಕ ಒಬ್ಬ ಆಡು ಮೇಯಿಸುತ್ತಿದ್ದಾನೆ, ಕರಿಯ ಆಡು ಎರಡು, ಬಿಳಿಯದು ಒಂದು, ತಲೆಗೆ ಕೆಂಪು ಟವೆಲು ಸುತ್ತಿದ್ದಾನೆ ಎಂದು ಹೇಳುತ್ತಾ ಹೋದರು. ನನಗೆ ಕಂಡಿತು. ನನ್ನ ಹೆಂಡತಿಗೂ ಕಂಡಿತು. ಶೈಲಜಾ ಗಾಜಿಗೆ ಮುಖ ಹತ್ತಿರ ಒಯ್ದು, ಕಣ್ಣು ಕಿರಿದು ಮಾಡಿ, ಎಷ್ಟೋ ಹೊತ್ತು ನೋಡಿದರು.

"ಎಲ್ಲಿ ಅವ್ವಾ? ನನಗೇನೂ ಕಾಣವಲ್ದು. ಬರೇ ಗುಡ್ಡ ಐತಿ."

ನೀಲವ್ವ ಮಗಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಎರಡೂ ಕಣ್ಣುಗಳನ್ನು ಒಂದೊಂದಾಗಿ ನೋಡಿದರು.

"ಕಾಣವಲ್ದು ಅಂದ್ರ ಕಾಣವಲ್ದು. ನಾ ನಂಬತೀನವ್ವಾ" ಎಂದರು. "ನಾಳಿ ಡಾಕ್ಟರ್ ಹಂತ್ಯಾಕ ಹೋಗೂಣು, ನಾನೂ ಬರತೀನಿ."